ಮೈದಾನದ ಅಂಚಿನಿಂದ: ಕೈಗಿಂತ ಮೊದಲು ಕಾಲು

ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ, ಮೆಲ್ಬರ್ನ್‌ನ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದಾಗ ನೋಡಿದ ಆಸ್ಟ್ರೇಲಿಯನ್ ಫುಟ್‌ಬಾಲ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಗೋಲು ಹೊಡೆಯುವವನಿಗಿಂತ ಟ್ಯಾಕಲ್ ಮಾಡುವವನನ್ನು, ಅಂದರೆ ಚೆಂಡು ಹಿಡಿದ ಎದುರಾಳಿಯನ್ನು ತಡೆದು ಹಿಡಿಯುವವನನ್ನು, ನೋಡುವುದೇ ನನಗೆ ಇಷ್ಟ ಎಂದು ಬಾಯಿ ತಪ್ಪಿ ಬರೆದದ್ದೇ ಎಡವಟ್ಟಾಯಿತು. ಕೊಡಗಿನಿಂದ ಹಾಕಿ ಬಿಟ್ಟು ಬೇರೆ ಆಟದ ಪ್ರಶ್ನೆ ಬರುವುದೇ ಅಪರೂಪ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದೇ. ಕೆಲವನ್ನು ಆರಿಸಿ ಉತ್ತರಿಸಿದ್ದೇನೆ. ಮೊಣಕಾಲು ನೋವಿಗೆ ಯಾವ ಎಣ್ಣೆ ಹಚ್ಚಬೇಕೆಂದು ಕೇಳಿದವರು ಮುಂದಿನ ತಿಂಗಳವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ಮೇಷ್ಟ್ರೇ, ಮಗ ಮೆಲ್ಬರ್ನ್‌ನಲ್ಲಿ ಓದುತ್ತಿದ್ದಾನೆ. ಇಲ್ಲಿ ಮಳೆ ಹಿಡಿದು ನಾವು ಮನೆಯೊಳಗೆ ಕುಳಿತಿರುವಾಗ ಶನಿವಾರ ಬೆಳಗ್ಗೆ ವಿಡಿಯೊ ಕರೆ ಮಾಡಿ ಆ ಆಟ ತೋರಿಸುತ್ತಾನೆ. ಒಬ್ಬನನ್ನು ಇಬ್ಬರು ಮೂವರು ಹಿಡಿದು ಕೆಡವುತ್ತಾರೆ. ನೋಡುತ್ತಿರುವ ಜನವೆಲ್ಲ ಒಟ್ಟಿಗೆ 'ಬಾ...ಲ್' ಎಂದು ಕೂಗುತ್ತಾರೆ. ಅಂಪೈರು ಒಮ್ಮೆ ಫ್ರೀ ಕಿಕ್ ಕೊಡುತ್ತಾರೆ, ಇನ್ನೊಮ್ಮೆ ಚೆಂಡನ್ನು ಸುಮ್ಮನೆ ಮೇಲಕ್ಕೆ ಎಸೆಯುತ್ತಾರೆ. ಇದಕ್ಕೆ ನಿಯಮ ಅಂತ ಏನಾದರೂ ಇದೆಯೇ?
(ಒಬ್ಬ ತಾಯಿ, ವಿರಾಜಪೇಟೆ)

ಉತ್ತರ: ಇದೆಯಮ್ಮಾ, ಬೇಕಾದಷ್ಟಿದೆ. ಜನ ಕೂಗುವುದೂ ಆ ನಿಯಮವನ್ನೇ.

ಮೊದಲು ಎರಡು ಮಾತು ಆಟದ ಬಗ್ಗೆ. ಕ್ರಿಕೆಟ್ ಮೈದಾನದಂಥ ಮೊಟ್ಟೆಯಾಕಾರದ ಅಂಗಳ, ಒಂದೊಂದು ತಂಡದಿಂದ 18 ಜನ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1. ಕ್ರಿಕೆಟ್ ಆಡುವವರ ಮೈ ಚಳಿಗಾಲದಲ್ಲಿ ಜಡ್ಡುಗಟ್ಟಬಾರದೆಂದು ಹುಟ್ಟಿದ ಆಟವಿದು. 1859ರಲ್ಲಿ ನಿಯಮ ಬರೆದವರಲ್ಲಿ ಒಬ್ಬರಾದ ಟಾಮ್ ವಿಲ್ಸ್ ಸ್ವತಃ ಕ್ರಿಕೆಟಿಗ. ನಾವು ಬಾಕ್ಸಿಂಗ್ ಡೇ ಟೆಸ್ಟ್ ನೋಡುವ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲೇ (ಎಂಸಿಜಿ) ಈಗಲೂ ಇದರ ಫೈನಲ್ ನಡೆಯುವುದು.

ಚೆಂಡನ್ನು ಒದೆಯಬಹುದು, ಇಲ್ಲವೇ ಒಂದು ಕೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬಹುದು. ಎಸೆಯುವಂತಿಲ್ಲ. ಹಿಡಿದುಕೊಂಡು ಓಡಬಹುದು, ಆದರೆ 15 ಮೀಟರ್‌ಗೊಮ್ಮೆ ನೆಲಕ್ಕೆ ಪುಟಿಸಬೇಕು ಅಥವಾ ನೆಲ ಮುಟ್ಟಿಸಬೇಕು. ಚೆಂಡು ಕೈಯಲ್ಲಿರುವವನನ್ನು ಎದುರಾಳಿ ಭುಜದ ಕೆಳಗೆ, ಮೊಣಕಾಲಿನ ಮೇಲೆ ಎಲ್ಲಿ ಬೇಕಾದರೂ ಹಿಡಿಯಬಹುದು. ಚೆಂಡಿಲ್ಲದವನನ್ನು ಹಿಡಿದರೆ ತಪ್ಪು.

ಇನ್ನು ನಿಮ್ಮ ಪ್ರಶ್ನೆ. ಮಡಿಕೇರಿ ಬಸ್ಸಿನಲ್ಲಿ ಕಂಡಕ್ಟರ್ ಹಿಂದಿನ ಸೀಟಿನಿಂದ ಒಬ್ಬೊಬ್ಬರಿಗೇ ಟಿಕೆಟ್ ಕೊಡುತ್ತಾ ಬರುತ್ತಿದ್ದಾರೆ ಎಂದುಕೊಳ್ಳಿ. ಅವರು ನಿಮ್ಮ ಬಳಿ ಬರುವವರೆಗೆ ಕಿಟಕಿಯಲ್ಲಿ ಬೆಟ್ಟ ನೋಡುತ್ತಾ ಕುಳಿತಿದ್ದು, ಬಂದ ಮೇಲೆ ಪರ್ಸ್ ಹುಡುಕಿದರೆ ಬೈಸಿಕೊಳ್ಳಬೇಕಾದವರು ನೀವೇ. ಹತ್ತಿದ ತಕ್ಷಣ ಎದುರಿಗೆ ನಿಂತು ಕೇಳಿದರೆ ಮಾತ್ರ ನಿಮಗೆ ರಿಯಾಯಿತಿ. ಇಲ್ಲಿಯೂ ಹಾಗೆಯೇ. ಚೆಂಡು ಸಿಕ್ಕಿ, ಅದನ್ನು ದಾಟಿಸಲು ಸಮಯವಿದ್ದೂ ದಾಟಿಸದೆ ಹಿಡಿತಕ್ಕೆ ಸಿಕ್ಕವನು ಆ ಕ್ಷಣವೇ ಚೆಂಡು ಬಿಡಬೇಕು. ಬಿಡದಿದ್ದರೆ ಹಿಡಿದವನಿಗೆ ಫ್ರೀ ಕಿಕ್. ಸಮಯವೇ ಸಿಗದೆ, ಚೆಂಡು ಕೈಗೆ ಬಂದ ಕೂಡಲೇ ಹಿಡಿಯಲ್ಪಟ್ಟು, ಬಿಡಲು ಒದ್ದಾಡಿಯೂ ಆಗದಿದ್ದರೆ ಯಾರದೂ ತಪ್ಪಲ್ಲ, ಅಂಪೈರು ಚೆಂಡನ್ನು ಮೇಲಕ್ಕೆ ಹಾಕಿ ಆಟ ಮುಂದುವರಿಸುತ್ತಾರೆ. 'ಇವನಿಗೆ ಸಮಯವಿತ್ತು' ಎಂದು ಒಂದು ಗ್ಯಾಲರಿ, 'ಎಲ್ಲಿತ್ತು?' ಎಂದು ಇನ್ನೊಂದು ಗ್ಯಾಲರಿ. ಆ 'ಬಾ...ಲ್' ಎಂಬ ಕೂಗು ಅಂಪೈರಿಗೆ ಹಾಕುವ ಅರ್ಜಿ. ನಿಮ್ಮ ಮಗ ಎರಡು ಚಳಿಗಾಲ ಕಳೆದರೆ ಅವನೂ ಕೂಗುತ್ತಾನೆ, ನೋಡುತ್ತಿರಿ. ನಾನೇ ಕೂಗಿ ಅಳಿಯನ ಮುಂದೆ ನಾಚಿಕೆಪಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಕಾಲೇಜು ಕಬಡ್ಡಿ ತಂಡದಲ್ಲಿ ಬಲಮೂಲೆಯ ಆಟಗಾರ. ಕಾಲು ಹಿಡಿಯುವುದರಲ್ಲಿ ಹೆಸರಿದೆ. ಆಸ್ಟ್ರೇಲಿಯಾದವರ ಟ್ಯಾಕಲ್ ನಮ್ಮದಕ್ಕಿಂತ ಹೇಗೆ ಬೇರೆ? ನಾನು ಅಲ್ಲಿಗೆ ಹೋದರೆ ಉಪಯೋಗಕ್ಕೆ ಬರುತ್ತೇನೆಯೇ?
(ವಿದ್ಯಾರ್ಥಿ, ಗೋಣಿಕೊಪ್ಪ)

ಉತ್ತರ: ಮೊದಲ ಐದು ನಿಮಿಷದಲ್ಲಿ ಮೂರು ಫ್ರೀ ಕಿಕ್ ಬಿಟ್ಟುಕೊಟ್ಟು ತರಬೇತುದಾರರಿಂದ ಬೈಸಿಕೊಳ್ಳುತ್ತೀಯ. ಪಾದ ಹಿಡಿಯುವುದು ಅಲ್ಲಿ ನಿಷಿದ್ಧ. ಆಮೇಲೆ ಸರಿಹೋಗುತ್ತೀಯ, ಏಕೆಂದರೆ ಅಂಜದೆ ಹತ್ತಿರ ಹೋಗುವುದು ಕಬಡ್ಡಿಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಮುಖ್ಯ ವ್ಯತ್ಯಾಸ ಬೇರೆ ಇದೆ. ದಾಳಿಗೆ ಬಂದವನು ನಡುಗೆರೆ ಮುಟ್ಟಲೇಬೇಕು, ಅವನು ಯಾವ ಕಡೆ ತಿರುಗುತ್ತಾನೆಂದು ನಿನಗೆ ಗೊತ್ತು. ಇಲ್ಲಿ ಓಡುವವನಿಗೆ ಎಂಟು ದಿಕ್ಕೂ ತೆರೆದಿದೆ, ಆಫ್‌ಸೈಡ್ ಎಂಬುದೇ ಇಲ್ಲ. ಕಬಡ್ಡಿಯಲ್ಲಿ ಆಳನ್ನು ನಿಲ್ಲಿಸಿದರೆ ಅಂಕ ಬಂತು. ಇಲ್ಲಿ ಆಳು ನಿಂತು, ಅವನ ಕೈ ಮಾತ್ರ ಬಿಡುವಾಗಿದ್ದರೆ ಏನೂ ಆಗಲಿಲ್ಲ. ಮಲಗಿಕೊಂಡೇ ಮುಷ್ಟಿಯಿಂದ ಚೆಂಡು ಗುದ್ದಿ ಗೆಳೆಯನಿಗೆ ಕೊಡುತ್ತಾನೆ. ಆದ್ದರಿಂದ ಹಿಡಿಯಬೇಕಾದದ್ದು ಚೆಂಡಿರುವ ತೋಳನ್ನು.

ಮಗಳ ಮನೆಯ ಹತ್ತಿರ ಬಡಾವಣೆಯ ಕ್ಲಬ್ಬೊಂದರ ಮೈದಾನವಿತ್ತು. ಸಂಜೆ ಹೊತ್ತು ಮಾಡಲು ಕೆಲಸವಿಲ್ಲದ ನಾನು ಶಾಲು ಹೊದ್ದು ಬೇಲಿಗೆ ಒರಗಿ ಹುಡುಗರ ಅಭ್ಯಾಸ ನೋಡುತ್ತಿದ್ದೆ. ಹದಿಮೂರು ಹದಿನಾಲ್ಕರ ಹುಡುಗರು. ಕಲಿಸುತ್ತಿದ್ದಾತ ಹಗಲು ನಲ್ಲಿ ರಿಪೇರಿ ಮಾಡುವವನು. ಒಂದು ದಿನ ಆತ ಎಲ್ಲರಿಗೂ ಎರಡೂ ಕೈಗಳನ್ನು ಚಡ್ಡಿಯ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳಲು ಹೇಳಿದ. ಒಬ್ಬ ಓಡಿಬರಬೇಕು, ಇನ್ನೊಬ್ಬ ಕೈ ಬಳಸದೆ ಅವನನ್ನು ಗೆರೆಯ ಕಡೆಗೆ ತಳ್ಳಿಕೊಂಡು ಹೋಗಬೇಕು. ಅರ್ಧ ಗಂಟೆ ಇದೇ. ಚೆಂಡನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನಾದ ಒಬ್ಬ ಹುಡುಗನನ್ನು ಯಾರಿಗೂ ದಾಟಲಾಗುತ್ತಿರಲಿಲ್ಲ. ಏಕೆಂದು ನೋಡಲು ನಾನು ಬೇಲಿಯುದ್ದಕ್ಕೂ ಜಾಗ ಬದಲಿಸಿದೆ. ಅವನೂ ಮೊದಲು ಜೋರಾಗಿಯೇ ಓಡುತ್ತಿದ್ದ. ಎದುರಾಳಿ ನಾಲ್ಕೈದು ಮಾರು ದೂರದಲ್ಲಿರುವಾಗ ಹೆಜ್ಜೆ ಚಿಕ್ಕದಾಗುತ್ತಿತ್ತು, ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ನಾವು ಇಡುತ್ತೇವಲ್ಲ, ಅಂಥ ಹೆಜ್ಜೆ. ಸೊಂಟ ಇಳಿಯುತ್ತಿತ್ತು. ನೇರ ಎದುರಿಗೆ ನಿಲ್ಲದೆ ಅರ್ಧ ಮಾರು ಒಂದು ಪಕ್ಕಕ್ಕೆ ನಿಲ್ಲುತ್ತಿದ್ದ. ಎದುರಾಳಿಗೆ ಇನ್ನೊಂದು ಪಕ್ಕ ಬಾಗಿಲು ತೆರೆದಂತೆ ಕಾಣಿಸಿ, ಅವನು ಅತ್ತ ಹೋಗುತ್ತಿದ್ದ. ಅಲ್ಲಿ ಗೆರೆ ಕಾಯುತ್ತಿತ್ತು.

ಹಿಡಿಯುವುದನ್ನು ಅವರು ಕಲಿತದ್ದು ಮುಂದಿನ ವಾರ. ಕಣ್ಣು ಎದುರಾಳಿಯ ಸೊಂಟದ ಮೇಲಿರಬೇಕು. ಭುಜ ಅಲುಗಿಸಿ ಮೋಸ ಮಾಡಬಹುದು, ಆದರೆ ಸೊಂಟ ಹೋದತ್ತಲೇ ಮೈ ಹೋಗಬೇಕು. ಸಮೀಪದ ಕಾಲನ್ನು ಅವನ ಕಾಲ ಬಳಿಗೆ ಊರಿ, ತಲೆಯನ್ನು ಅವನ ಮೈಯ ಪಕ್ಕಕ್ಕೆ ಇಟ್ಟು, ಭುಜ ತಾಗಿಸಿ, ಎರಡೂ ತೋಳುಗಳಿಂದ ಅವನ ತೋಳು ಸೇರಿಸಿ ಸುತ್ತಿಕೊಳ್ಳಬೇಕು. ತಲೆ ಮುಂದಕ್ಕೆ ಬಂದರೆ ಅವನ ಮೊಣಕಾಲು ನಿನ್ನ ಹಣೆಗೆ ಬಡಿಯುತ್ತದೆ. ಬೀಳುವಾಗ ಅವನನ್ನು ಪಕ್ಕಕ್ಕೆ ಹೊರಳಿಸಿಕೊಳ್ಳಬೇಕು. ನೇರವಾಗಿ ಅವನ ಬೆನ್ನ ಮೇಲೆ ಬಿದ್ದೆಯೋ, ಬೆನ್ನಿಗೆ ತಳ್ಳಿದ ತಪ್ಪಿಗೆ ಫ್ರೀ ಕಿಕ್ ಅವನಿಗೆ. ಅಷ್ಟು ಚೆನ್ನಾಗಿ ಹಿಡಿದೂ ದಂಡ ಕಟ್ಟಿದ ಹುಡುಗರ ಮುಖ ನೋಡಬೇಕಿತ್ತು.

ಪ್ರಶ್ನೆ: ನಾನು ಹಾಕಿಯಲ್ಲಿ ಫಾರ್ವರ್ಡ್. ಹಿಂದೆ ಓಡಿಬಂದು ಚೆಂಡು ಕಸಿಯುವ ಕೆಲಸವೆಲ್ಲ ಹಾಫ್ ಮತ್ತು ಬ್ಯಾಕ್ ಆಟಗಾರರದ್ದು ಎಂಬುದು ನನ್ನ ವಾದ, ನಮ್ಮ ಕೋಚ್ ಒಪ್ಪುವುದಿಲ್ಲ. ನೀವು ಯಾರ ಕಡೆ?
(ಪೊನ್ನಂಪೇಟೆಯ ಓದುಗ)

ಉತ್ತರ: ನಾನು ರೈಟ್ ಹಾಫ್ ಆಗಿ ಆಡಿದವನು, ನನ್ನಿಂದ ನಿನಗೆ ನ್ಯಾಯ ಸಿಗುವುದಿಲ್ಲ. ನಿನ್ನಂಥ ಫಾರ್ವರ್ಡ್‌ಗಳಿಗಾಗಿ ಎಷ್ಟು ಕಿಲೋಮೀಟರ್ ಓಡಿದ್ದೇನೋ ಲೆಕ್ಕವಿಲ್ಲ.

ಆದರೂ ಒಂದು ಕಥೆ ಹೇಳುತ್ತೇನೆ. ರಿಚ್ಮಂಡ್ ಎಂಬ ತಂಡ 1980ರ ನಂತರ ಒಮ್ಮೆಯೂ ಚಾಂಪಿಯನ್ ಆಗಿರಲಿಲ್ಲ. 2017ರಲ್ಲಿ ಅವರ ಮುಂಪಂಕ್ತಿಯಲ್ಲಿ ಎತ್ತರದ ಆಳೆಂದರೆ ಜ್ಯಾಕ್ ರೀವೋಲ್ಟ್ ಒಬ್ಬನೇ. ಈ ಆಟದಲ್ಲಿ ಎತ್ತರ ಎಂದರೆ ಬಂಗಾರ. 15 ಮೀಟರ್‌ಗಿಂತ ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮುನ್ನ ಹಿಡಿದರೆ ಅದು 'ಮಾರ್ಕ್', ಹಿಡಿದವನನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ, ನಿರಾಳವಾಗಿ ಗೋಲಿಗೆ ಒದೆಯಬಹುದು. ರಿಚ್ಮಂಡ್‌ನ ತರಬೇತುದಾರ ಡೇಮಿಯನ್ ಹಾರ್ಡ್‌ವಿಕ್ ಒಬ್ಬ ಎತ್ತರದವನ ಸುತ್ತ ಡೇನಿಯಲ್ ರಿಯೊಲಿ, ಡ್ಯಾನ್ ಬಟ್ಲರ್, ಜೇಸನ್ ಕಾಸ್ಟಾನ್ಯ ಮುಂತಾದ ಚಿಕ್ಕ ಆಳುಗಳನ್ನು ಬಿಟ್ಟರು. ಚೆಂಡು ತಮ್ಮ ಕೈಗೆ ಬರದಿದ್ದರೂ ಚಿಂತೆಯಿಲ್ಲ, ಎದುರಾಳಿ ಬ್ಯಾಕ್‌ಗಳ ಕೈಗೆ ಬಂದಾಗ ಜೇನುಹುಳದಂತೆ ಮುತ್ತಿಕೊಳ್ಳುವುದು ಅವರ ಕೆಲಸ.

ಇದರಿಂದ ಏನಾಗುತ್ತದೆ ನೋಡು. ಎರಡು ಸೆಕೆಂಡ್ ಸಿಕ್ಕರೆ ಬ್ಯಾಕ್ ಆಟಗಾರ ತಲೆಯೆತ್ತಿ, ಐವತ್ತು ಮೀಟರ್ ಆಚೆಯ ಗೆಳೆಯನ ಎದೆಗೇ ಚೆಂಡು ಒದೆಯುತ್ತಾನೆ, ಅದು ಮಾರ್ಕ್ ಆಗುತ್ತದೆ. ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿಸಿದರೆ ತಲೆ ಎತ್ತದೆ ಬೂಟಿಗೆ ಸಿಕ್ಕಂತೆ ಒದೆಯುತ್ತಾನೆ. ಅಂಥ ಚೆಂಡು ಮಾರ್ಕ್ ಆಗುವುದಿಲ್ಲ, ನೆಲಕ್ಕೆ ಬೀಳುತ್ತದೆ, ನೆಲದ ಮೇಲಿನ ಚೆಂಡಿಗೆ ಚಿಕ್ಕ ಆಳುಗಳೇ ರಾಜರು. ಅದೂ ಗೋಲಿನ ಬಾಯಲ್ಲೇ. ಫೈನಲ್‌ನಲ್ಲಿ ಅಡಿಲೇಡ್ ತಂಡವನ್ನು ಅವರು 108-60ರಿಂದ ಸೋಲಿಸಿದರು. 37 ವರ್ಷ ಕಾದ ಜನ ಆ ರಾತ್ರಿ ಏನು ಮಾಡಿರಬಹುದೆಂದು, ಕುಟುಂಬದ ಹಾಕಿ ಕಪ್‌ನಲ್ಲಿ ಒಂದು ಸುತ್ತು ಗೆದ್ದರೂ ಊರು ಸುತ್ತುವ ನಮಗೆ ಹೇಳಬೇಕಾಗಿಲ್ಲ.

ಅದಕ್ಕೆ ಹಿಂದಿನ ವರ್ಷದ ಒಂದು ಗಳಿಗೆಯನ್ನು ಅಳಿಯ ಟಿವಿಯಲ್ಲಿ ಹಾಕಿ ತೋರಿಸಿದ. 2016ರ ಫೈನಲ್, ವೆಸ್ಟರ್ನ್ ಬುಲ್‌ಡಾಗ್ಸ್ ಮತ್ತು ಸಿಡ್ನಿ ನಡುವೆ. ಕೊನೆಯ ಕಾಲು ಭಾಗ. ಚೆಂಡು ಸಿಡ್ನಿಯ ಲ್ಯಾನ್ಸ್ ಫ್ರಾಂಕ್ಲಿನ್ ಕೈಯಲ್ಲಿ. ಅವನ ಕಾಲದ ಅತಿ ದೊಡ್ಡ ಗೋಲುಗಾರ, ಆನೆಯಂಥ ಆಳು. ಡೇಲ್ ಮಾರಿಸ್ ಎಂಬ ಹಿರಿಯ ಬ್ಯಾಕ್ ಆಟಗಾರ ಅಟ್ಟಿಸಿಕೊಂಡು ಹೋಗಿ ಹಿಡಿದ. ಚೆಂಡು ಉದುರಿತು. ಅದನ್ನೆತ್ತಿದ ಟಾಮ್ ಬಾಯ್ಡ್ ಗೋಲಿನ ಕಡೆ ನೋಡಿ ಅಷ್ಟು ದೂರದಿಂದಲೇ ಒದ್ದ. ಚೆಂಡು ಪುಟಿಯುತ್ತಾ ಉರುಳುತ್ತಾ ಕಂಬಗಳ ನಡುವೆ ಹೋಯಿತು. ಬುಲ್‌ಡಾಗ್ಸ್ ಗೆದ್ದು, ಅವರ 62 ವರ್ಷಗಳ ಬರ ಮುಗಿಯಿತು. ಎಲ್ಲ ಕಡೆ ಬಾಯ್ಡ್‌ನ ಗೋಲನ್ನೇ ತೋರಿಸುತ್ತಾರೆ. ನಾನು ಮಾತ್ರ ಅಳಿಯನಿಗೆ 'ಹಿಂದಕ್ಕೆ ಹೋಗು, ಇನ್ನೂ ಹಿಂದಕ್ಕೆ' ಎಂದು ಮಾರಿಸ್ ಓಡಲು ಶುರುಮಾಡುವ ಜಾಗಕ್ಕೆ ನಾಲ್ಕು ಸಲ ಹೋಗಿ ನೋಡಿದೆ.

ನಿನ್ನ ಕೋಚ್ ಹೇಳಿದ್ದು ಸರಿ. ಚೆಂಡು ಕಳೆದುಕೊಂಡವನೇ ಮೊದಲ ಐದು ಹೆಜ್ಜೆ ಹಿಂದಕ್ಕೆ ಓಡಬೇಕು. ಸೊಂಟದ ಮೇಲೆ ಕೈಯಿಟ್ಟು ಅಂಪೈರನ್ನು ನೋಡುತ್ತಾ ನಿಲ್ಲುವ ಫಾರ್ವರ್ಡ್‌ಗಳನ್ನು ಕಂಡರೆ ನನಗೆ ಈಗಲೂ ರಕ್ತದೊತ್ತಡ ಏರುತ್ತದೆ, ಮಾತ್ರೆಯೂ ತೆಗೆದುಕೊಳ್ಳುತ್ತಿದ್ದೇನೆ.

ಪ್ರಶ್ನೆ: ಪಂದ್ಯದ ನಂತರ ಯಾರು ಎಷ್ಟು ಟ್ಯಾಕಲ್ ಮಾಡಿದರೆಂದು ಪಟ್ಟಿ ಹಾಕುತ್ತಾರಂತೆ. ಹೆಚ್ಚು ಮಾಡಿದವರೇ ಒಳ್ಳೆಯ ತಂಡವೇ?
(ಕುಶಾಲನಗರ)

ಉತ್ತರ: ಅಲ್ಲ. ಚೆಂಡು ಸದಾ ಎದುರಾಳಿಯ ಬಳಿಯೇ ಇದ್ದರೆ ಹಿಡಿಯಲು ಅವಕಾಶ ಹೆಚ್ಚು, ಸೋಲುವ ತಂಡದ ಪಟ್ಟಿಯೂ ಉದ್ದವಾಗಿರಬಹುದು. ಎಲ್ಲಿ ಹಿಡಿದರು ಎಂದು ನೋಡಬೇಕು. ಗೋಲಿನಿಂದ 50 ಮೀಟರ್‌ಗೆ ಅಂಗಳದಲ್ಲಿ ಒಂದು ಬಿಲ್ಲುಗೆರೆ ಎಳೆದಿರುತ್ತಾರೆ. ಎದುರಾಳಿಯ ಆ ಗೆರೆಯೊಳಗೆ ಹಿಡಿದ ಒಂದು, ನಡು ಅಂಗಳದ ಐದಕ್ಕೆ ಸಮ ಎನ್ನುತ್ತೇನೆ ನಾನು. ಇದು ನನ್ನ ತೂಕದ ಲೆಕ್ಕ, ಲೀಗಿನದ್ದಲ್ಲ.

ಪಟ್ಟಿಗೆ ಸಿಗದ ಕೆಲಸವೂ ಇದೆ. ಅಟ್ಟಿಸಿಕೊಂಡು ಹೋಗಿ, ಮುಟ್ಟಲಾಗದೆ, ಎದುರಾಳಿ ಕೆಟ್ಟದಾಗಿ ಒದೆಯುವಂತೆ ಮಾಡಿದವನಿಗೆ ಟ್ಯಾಕಲ್ ಪಟ್ಟಿಯಲ್ಲಿ ಸಿಗುವುದು ಸೊನ್ನೆ. ಇನ್ನೊಂದು, ಒದೆಯುವ ಕಾಲಿನ ಮುಂದೆ ಮೈಯೊಡ್ಡಿ ಚೆಂಡನ್ನು ಕೈಯಿಂದ ಅಡ್ಡಗಟ್ಟುವುದು, ಅದಕ್ಕೆ ಅಲ್ಲಿ 'ಸ್ಮದರ್' ಎನ್ನುತ್ತಾರೆ. 2010ರಲ್ಲಿ ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡಾ ಫೈನಲ್ 68-68ರಲ್ಲಿ ಸಮವಾಯಿತು. ಒಂದು ವಾರ ಬಿಟ್ಟು ಇಡೀ ಪಂದ್ಯವನ್ನೇ ಮತ್ತೆ ಆಡಿಸಿದರು. ಆ ಎರಡನೆಯ ಪಂದ್ಯದ ಮೊದಲ ಭಾಗದಲ್ಲಿ ಸೇಂಟ್ ಕಿಲ್ಡಾದ ನಾಯಕ ನಿಕ್ ರೀವೋಲ್ಟ್ ಗೋಲಿನ ಬಾಯಲ್ಲಿ ಇನ್ನೇನು ಒದೆಯಬೇಕು, ಹಿಂದಿನಿಂದ ಹೀತ್ ಶಾ ಹಾರಿಬಂದು ಕೈ ಚಾಚಿ ತಡೆದ. ರೀವೋಲ್ಟ್‌ಗೆ ಹಿಂದೆ ಯಾರೋ ಬರುತ್ತಿದ್ದಾರೆಂಬುದೇ ಗೊತ್ತಿರಲಿಲ್ಲ. ಕಾಲಿಂಗ್‌ವುಡ್ 56 ಅಂಕಗಳಿಂದ ಗೆದ್ದಿತು. ಅಲ್ಲಿಯವರಿಗೆ ಆ ಪಂದ್ಯ ಎಂದರೆ ಇಂದಿಗೂ ಮೊದಲು ನೆನಪಾಗುವುದು ಆ ಕೈ.

ಪ್ರಶ್ನೆ: ಎಲ್ಲರೂ ತಡೆಯುವುದನ್ನೇ ಕಲಿತರೆ ಆಟ ನೋಡಲು ಬೇಸರವಲ್ಲವೇ?
(ನಾಪೋಕ್ಲು)

ಉತ್ತರ: ಆ ಜಗಳ ಅಲ್ಲಿಯೂ ಇದೆ. 2005ರಲ್ಲಿ ಸಿಡ್ನಿ ಸ್ವಾನ್ಸ್ ತಂಡದ ಹಿಡಿದು ಹಾಕುವ ಆಟ ಕಣ್ಣಿಗೆ ಚೆನ್ನಾಗಿಲ್ಲವೆಂದು ಲೀಗಿನ ಮುಖ್ಯಸ್ಥರೇ ಬಹಿರಂಗವಾಗಿ ಟೀಕಿಸಿದ್ದರು. ಅದೇ ವರ್ಷ ಆ ತಂಡ ಫೈನಲ್‌ನಲ್ಲಿ ವೆಸ್ಟ್ ಕೋಸ್ಟ್ ವಿರುದ್ಧ 58-54ರಿಂದ ಗೆದ್ದು, 72 ವರ್ಷಗಳ ನಂತರ ಕಪ್ ಎತ್ತಿತು. ಆಟಗಾರರ ಅದಲುಬದಲಿಗೆ ಆಮೇಲೆ ಮಿತಿ ಹೇರಿದರು. 2016ರಲ್ಲಿ ಪಂದ್ಯಕ್ಕೆ 90 ಬಾರಿ, 2021ರಿಂದ 75. ದಣಿದ ಕಾಲು ಸದಾ ಮುತ್ತಿಗೆ ಹಾಕಲಾರದು, ಆಗ ಅಂಗಳ ತೆರೆದುಕೊಳ್ಳುತ್ತದೆ ಎಂಬ ಎಣಿಕೆ. ನನಗೆ ಬೇಸರವಾಗುವುದು ತಡೆದಾಗ ಅಲ್ಲ, ಯಾರೂ ತಡೆಯದೆ 30 ಗೋಲು ಬಿದ್ದಾಗ.

ಪ್ರಶ್ನೆ: ಮಗಳು ಓದಲು ಆಸ್ಟ್ರೇಲಿಯಾಕ್ಕೆ ಹೋದವಳು ಈ ಆಟದ ಮಹಿಳಾ ತಂಡ ಸೇರಿದ್ದಾಳೆ. ಹಾಕಿ ಆಡಿ ಬೆಳೆದವಳು, ಧೈರ್ಯವಿದೆ. ನನಗೆ ಇರುವುದು ತಲೆಗೆ ಪೆಟ್ಟಾದೀತೆಂಬ ಹೆದರಿಕೆ. ಬಿಡಿಸಲೇ?
(ತಂದೆ, ಸೋಮವಾರಪೇಟೆ)

ಉತ್ತರ: ನಿಮ್ಮ ಹೆದರಿಕೆ ಸುಳ್ಳಲ್ಲ. ಹೆಲ್ಮೆಟ್ ಇಲ್ಲದ ಆಟ, ತಲೆಗೆ ಪೆಟ್ಟಾಗುತ್ತದೆ. ಹಾಗೆಂದೇ ಅಲ್ಲಿ ಈಗ ಬಿಗಿ ಹೆಚ್ಚಿದೆ. ಕುತ್ತಿಗೆಗೆ ಕೈ ಹಾಕಿದರೆ ಫ್ರೀ ಕಿಕ್. ಎದುರಾಳಿಯ ತೋಳು ಕಟ್ಟಿ, ಬೀಸಿ ನೆಲಕ್ಕೆ ಅಪ್ಪಳಿಸಿದರೆ ಪಂದ್ಯಗಳ ನಿಷೇಧ. ತೋಳು ಕಟ್ಟಿದವನಿಗೆ ಕೈಯೂರಿ ತಲೆ ಕಾಪಾಡಿಕೊಳ್ಳಲಾಗದು, ಆದ್ದರಿಂದ ಅವನನ್ನು ಮೆಲ್ಲಗೆ ಇಳಿಸುವ ಹೊಣೆ ಹಿಡಿದವನದ್ದೇ. ಮಿದುಳಿಗೆ ಅದುರು ಬಿದ್ದಿದೆಯೆಂದು ವೈದ್ಯರು ಹೇಳಿದರೆ, ದೊಡ್ಡ ಲೀಗಿನಲ್ಲಿ ಕನಿಷ್ಠ 12 ದಿನ ಪಂದ್ಯವಾಡುವಂತಿಲ್ಲ.

ಮಹಿಳೆಯರ ರಾಷ್ಟ್ರೀಯ ಲೀಗ್ 2017ರಲ್ಲಿ ಶುರುವಾಯಿತು, ಅಂಗಳದಲ್ಲಿ ಒಂದು ತಂಡಕ್ಕೆ 16 ಜನ. ಮೊದಲ ಪಂದ್ಯಕ್ಕೇ ಮೈದಾನ ತುಂಬಿ ಗೇಟು ಮುಚ್ಚಬೇಕಾಯಿತು.

ನೀವು ಮಗಳಿಗೆ ಮೂರು ಪ್ರಶ್ನೆ ಕೇಳಿ. ಪಂದ್ಯಕ್ಕೆ ಇಳಿಸುವ ಮೊದಲು ಟ್ಯಾಕಲ್ ಮಾಡುವುದನ್ನೂ ಬೀಳುವುದನ್ನೂ ಕಲಿಸಿದರೇ? ಪೆಟ್ಟಾದರೆ ಹೊರಗೆ ಕೂರಿಸುವ ಅಧಿಕಾರ ಯಾರದ್ದು? ತಲೆ ಸುತ್ತಿದರೂ ಹೇಳದೆ ಆಡುವ ಚಟ ಅವಳಿಗಿದೆಯೇ? ಮೊದಲ ಎರಡಕ್ಕೆ ಸರಿಯಾದ ಉತ್ತರ ಬಂದರೆ ಬಿಡಿಸಬೇಡಿ. ಮೂರನೆಯದಕ್ಕೆ ನಮ್ಮ ಕಡೆಯ ಹುಡುಗಿಯರು ನಿಜ ಹೇಳುವುದಿಲ್ಲ, ಅವಳ ಜೊತೆಯವರನ್ನು ಕೇಳಿ.

ಪ್ರಶ್ನೆ: ನೀವು ಆಡುತ್ತಿದ್ದಾಗ ನಿಮ್ಮ ಟ್ಯಾಕಲ್ ಹೇಗಿತ್ತು ಮೇಷ್ಟ್ರೇ?
(ಹಳೆಯ ಶಿಷ್ಯ, ಮಡಿಕೇರಿ)

ಉತ್ತರ: ಗೊತ್ತಿದ್ದೇ ಕೇಳುತ್ತಿದ್ದೀಯ. ಶಾಲೆಯ ಕೊನೆಯ ವರ್ಷ, ಜಿಲ್ಲಾ ಪಂದ್ಯ, ಹುಲ್ಲು ಒದ್ದೆ. ಅವರ ಲೆಫ್ಟ್ ಔಟ್ ಚೆಂಡು ತರುತ್ತಿದ್ದ. ನಾನು ದೂರದಿಂದಲೇ ಸ್ಟಿಕ್ ಚಾಚಿ ಹಾರಿದೆ. ಅವನು ಚೆಂಡನ್ನು ಒಂದು ಗೇಣು ಒಳಕ್ಕೆ ಎಳೆದುಕೊಂಡ, ಅಷ್ಟೇ. ನಾನು ಹೊಟ್ಟೆಯ ಮೇಲೆ ಜಾರಿಕೊಂಡು ಹೋಗಿ ಗೆರೆಯಾಚೆ ನಿಂತಿದ್ದ ನಮ್ಮ ನೀರಿನ ಬಕೆಟ್ ಉರುಳಿಸಿದೆ. ಗೋಲು ಬಿದ್ದದ್ದು ಸದ್ದಿನಿಂದ ಗೊತ್ತಾಯಿತು. ಪಂದ್ಯದ ನಂತರ ನಮ್ಮ ಮೇಷ್ಟ್ರು ಬೈಯಲಿಲ್ಲ. 'ಅವನು ಎಲ್ಲಿಗೆ ಹೋಗಬೇಕು ಅಂತ ನೀನು ಹೇಳಬೇಕಿತ್ತು ಕಣೋ. ನೀನು ಎಲ್ಲಿಗೆ ಹೋಗಬೇಕು ಅಂತ ಅವನು ಹೇಳಿದ' ಎಂದರು. ಐವತ್ತು ವರ್ಷದ ನಂತರ, ಕೈಗಳನ್ನು ಚಡ್ಡಿಗೆ ಸಿಕ್ಕಿಸಿಕೊಂಡ ಆ ಹುಡುಗನನ್ನು ಬೇಲಿಯಾಚೆಯಿಂದ ನೋಡುವಾಗ ನೆನಪಾದದ್ದು ಆ ಬಕೆಟ್ಟೇ.

ಪ್ರಶ್ನೆ: ನಮ್ಮ ಯುವಕ ಸಂಘದ ಕೆಸರುಗದ್ದೆ ಕ್ರೀಡಾಕೂಟದಲ್ಲಿ ಈ ಸಲ ಇದನ್ನು ಆಡಿಸಬಹುದೇ? ಚೆಂಡು ಎಲ್ಲಿ ಸಿಗುತ್ತದೆ?
(ಭಾಗಮಂಡಲ)

ಉತ್ತರ: ಪೂರ್ತಿ ಆಟ ಆಗುವುದಿಲ್ಲ. ನಿಜವಾದ ಅಂಗಳದ ಉದ್ದ 135 ಮೀಟರ್‌ಗೆ ಕಡಿಮೆಯಿರಬಾರದು, ಅಗಲ 110ಕ್ಕೆ. ನಮ್ಮ ಹಾಕಿ ಮೈದಾನ 91 ಮೀಟರ್ ಉದ್ದ, 55 ಅಗಲ. ಕೊಡಗಿನಲ್ಲಿ ಅಷ್ಟು ಸಮತಟ್ಟಾದ ಜಾಗ ಸಿಕ್ಕರೆ ಯಾರಾದರೂ ಮೊದಲು ಮದುವೆ ಮಂಟಪ ಕಟ್ಟುತ್ತಾರೆ. ಕೆಸರಿನಲ್ಲಿ ಚೆಂಡು ಪುಟಿಯುವುದೂ ಇಲ್ಲ, ನೆಲ ಮುಟ್ಟಿಸಿಕೊಂಡೇ ಓಡಬೇಕು. ತಂಡಕ್ಕೆ ಏಳು ಜನ ಸಾಕು. ನಾಟಿಗೆ ಮೊದಲು ಉತ್ತು ಹದ ಮಾಡಿದ ಗದ್ದೆಯಲ್ಲಿ ಬಿದ್ದರೆ ಪೆಟ್ಟು ಕಡಿಮೆ, ಟ್ಯಾಕಲ್ ಕಲಿಯಲು ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಬದುವಿನ ಕಲ್ಲುಗಳನ್ನು ಮಾತ್ರ ಮೊದಲೇ ಆರಿಸಿ ತೆಗೆಯಿರಿ. ಮೊಣಕಾಲಿನ ಕೆಳಗೆ ಹಿಡಿದವನನ್ನು ಐದು ನಿಮಿಷ ಹೊರಗೆ ನಿಲ್ಲಿಸಿ.

ಚೆಂಡು ನಮ್ಮ ಮನೆಯಲ್ಲಿದೆ. ಬರುವಾಗ ಅಳಿಯ ಪೆಟ್ಟಿಗೆಗೆ ತುರುಕಿದ್ದ, ಅಟ್ಟದ ಮೇಲೆ ಏಲಕ್ಕಿ ಚೀಲದ ಪಕ್ಕ ಕುಳಿತಿದೆ. ಪತ್ರಿಕೆಯವರ ಬಳಿ ನನ್ನ ನಂಬರ್ ಕೇಳಿ, ಬಂದು ತೆಗೆದುಕೊಂಡು ಹೋಗಿ. ಚರ್ಮದ್ದು, ವಾಪಸು ಕೊಡುವಾಗ ಕೆಸರು ಒರೆಸಿ ನೆರಳಲ್ಲಿ ಒಣಗಿಸಿ ತನ್ನಿ. ಬೇಗ ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ.